ಕಿವಿಗೆ ಮಿಷನ್ ಹಾಕುವ ಮಗಳು, ಮಾಮೂಲಿ ಶಾಲೆ: ನಿಮ್ಮ ಅನುಭವ ಹೇಳಿ

ಕೇಳಿದವರು, ಉಡುಪಿ:
ಮಗಳು ಮೂರನೇ ಕ್ಲಾಸ್. ಎರಡೂ ಕಿವಿಗೆ ಮಿಷನ್ ಇದೆ, ಚೆನ್ನಾಗಿ ಮಾತಾಡುತ್ತಾಳೆ. ಆದರೆ ಜೂನ್‌ನಿಂದ ಪಾಠದಲ್ಲಿ ಹಿಂದೆ ಬಿದ್ದಿದ್ದಾಳೆ. ವಿಶೇಷ ಶಾಲೆಗೆ ಸೇರಿಸಿ ಅಂತ ಶಾಲೆಯವರು ಹೇಳುತ್ತಿದ್ದಾರೆ. ಏನು ಮಾಡಲಿ?

ಒಬ್ಬ ತಾಯಿ, ಮಂಗಳೂರು:
ಅಕ್ಕಾ, ಜೂನ್‌ನಿಂದ ಅಂದಿರಲ್ಲ, ಅದು ಮಳೆಯಿಂದಲೇ ಇರಬಹುದು. ನನ್ನ ಮಗನಿಗೂ ಹೀಗೇ ಆಗಿತ್ತು. ಅವನ ಕ್ಲಾಸಿಗೆ ಶೀಟಿನ ಛಾವಣಿ. ಜೋರು ಮಳೆ ಹೊಡೆದರೆ ಟೀಚರ್ ಸ್ವರವೇ ಕೇಳುತ್ತಿರಲಿಲ್ಲ. ಮಿಷನ್ ಮಾತಿನ ಜೊತೆ ಮಳೆಯ ಸದ್ದನ್ನೂ ದೊಡ್ಡದು ಮಾಡುತ್ತದೆ ಅಲ್ವಾ? ಟೀಚರಿಗೆ ಇದು ಗೊತ್ತಿರಲಿಲ್ಲ, ಹೇಳಿದ ಮೇಲೆ ತುಂಬ ಸಹಕರಿಸಿದರು. ಮಗನನ್ನು ಮುಂದಿನ ಬೆಂಚಿನಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂರಿಸಿದರು. ಆಗ ಬೆಳಕು ಟೀಚರ್ ಮುಖಕ್ಕೆ ಬೀಳುತ್ತದೆ, ತುಟಿ ಕಾಣುತ್ತದೆ. ಬೋರ್ಡಿನ ಕಡೆ ತಿರುಗಿ ಮಾತಾಡುವುದನ್ನು ಬಿಟ್ಟರು. ಮಳೆ ಜಾಸ್ತಿಯಾದರೆ ಬರೆಯುವ ಕೆಲಸ ಕೊಟ್ಟರು. "ಅರ್ಥ ಆಯ್ತಾ?" ಅಂದರೆ ಮಕ್ಕಳು ಸುಮ್ನೆ ತಲೆ ಆಡಿಸುತ್ತಾರೆ. "ನಾನೇನು ಹೇಳಿದೆ, ಹೇಳು" ಅಂತ ಕೇಳಬೇಕು.

ಇನ್ನೊಂದು, ತೇವ. ರಾತ್ರಿ ಬ್ಯಾಟರಿ ತೆಗೆದು, ಮಿಷನನ್ನು ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಬೆಳಿಗ್ಗೆ ಸರಿಯಾಗಿ ಕೇಳುತ್ತದಾ ನೋಡಿಯೇ ಕಳಿಸಿ. ಒಂದು ಕಿವಿಯ ಮಿಷನ್ ಹಾಳಾಗಿದ್ದು ನಮಗೆ ವಾರದ ಮೇಲೆ ಗೊತ್ತಾಯಿತು. ಈಗಲೂ ನೆನೆದರೆ ಸಂಕಟ ಆಗುತ್ತದೆ.

ಸರಕಾರಿ ಶಾಲೆಯ ಟೀಚರ್, ಉಡುಪಿ ಜಿಲ್ಲೆ:
ಶಾಲೆ ಬಿಡಿಸಬೇಡಿ. ನಿಮ್ಮ ಬಿಆರ್‌ಸಿಯಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ, ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಟೀಚರ್ ಇರುತ್ತಾರೆ. ಅವರನ್ನು ಶಾಲೆಗೆ ಕಳಿಸಿ ಅಂತ ಕೇಳಿ. ಅಂಗವಿಕಲರಿಗೆ ಸರಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಮಾಡಿಸಿದ್ದೀರಾ? ಅದರಲ್ಲಿ ಅಂಗವೈಕಲ್ಯ ಶೇ. 40 ಅಥವಾ ಜಾಸ್ತಿ ಇದ್ದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ 6ರಿಂದ 18 ವರ್ಷದವರೆಗೆ ಉಚಿತವಾಗಿ ಓದುವ ಹಕ್ಕಿದೆ. ಹತ್ತಿರದ ಶಾಲೆಯಾ, ವಿಶೇಷ ಶಾಲೆಯಾ ಅನ್ನುವ ಆಯ್ಕೆ ನಿಮ್ಮದು.

ಡಿಗ್ರಿ ವಿದ್ಯಾರ್ಥಿನಿ, ಮಂಗಳೂರು:
ನಾನೂ ಒಂದನೇ ಕ್ಲಾಸಿನಿಂದ ಮಿಷನ್ ಹಾಕಿಕೊಂಡೇ ಓದಿದವಳು. ಮೇಲಿನ ಆಂಟಿ ಹೇಳಿದ್ದರಲ್ಲಿ ಒಂದು ಮಾತು ಸೇರಿಸುತ್ತೇನೆ. ಎಲ್ಲರ ಎದುರು "ನಾನೇನು ಹೇಳಿದೆ?" ಅಂತ ಕೇಳಿದಾಗ ನನಗೆ ಅಳು ಬರುತ್ತಿತ್ತು. ಟೀಚರ್ ಬೆಂಚಿನ ಹತ್ತಿರ ಬಂದು ಮೆಲ್ಲಗೆ ಕೇಳಿದರೆ ಸಾಕು. ಪಾಠಕ್ಕಿಂತಲೂ ನನಗೆ ಕಷ್ಟವಾಗಿದ್ದು ನಾಲ್ಕೈದು ಮಂದಿ ಒಟ್ಟಿಗೆ ಮಾತಾಡುವಾಗ. ಆಗ ಯಾರು ಮಾತಾಡುತ್ತಿದ್ದಾರೆ ಅಂತ ಪಕ್ಕದ ಗೆಳತಿ ಬೆರಳು ತೋರಿಸುತ್ತಿದ್ದಳು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಬೆಂಚು ಬದಲಿಸುವ ಮೊದಲು, ಯಾರ ಪಕ್ಕ ಕೂರಬೇಕು ಅಂತ ನಿಮ್ಮ ಮಗಳನ್ನೇ ಕೇಳಿ.