ಹಳೇ ಹೋಂ ಥಿಯೇಟರ್ ಆಂಪ್ಲಿಫೈಯರಲ್ಲಿ ಸಂಗೀತ: ರಿಪೇರಿಯವರಿಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ (ಕುಂದಾಪುರದಿಂದ): ನಮಸ್ಕಾರ ಸರ್. ನನ್ನ ಹತ್ತಿರ 2005ರಲ್ಲಿ ತಗೊಂಡ 7.1 ಎವಿ ರಿಸೀವರ್ (ಟಿವಿ, ಸಿಡಿ ಪ್ಲೇಯರಿನ ಸದ್ದನ್ನು ಸ್ಪೀಕರುಗಳಿಗೆ ಕೊಡೋ ಹೋಂ ಥಿಯೇಟರ್ ಆಂಪ್ಲಿಫೈಯರ್) ಇದೆ. ಅದರಲ್ಲಿ ಸಿನಿಮಾ ನೋಡೋದು ನಿಂತು ಎಷ್ಟೋ ವರ್ಷ ಆಯ್ತು. ಈಗ ಎರಡೇ ಸ್ಪೀಕರ್ ಹಾಕಿಕೊಂಡು ರಾತ್ರಿ ಹೊತ್ತು ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಕೇಳ್ತೀನಿ. ಒಂದು ತಿಂಗಳಿಂದ ಎಡಗಡೆ ಸ್ಪೀಕರ್ ಇದ್ದಕ್ಕಿದ್ದಂತೆ ಮೂಕಾಗುತ್ತೆ. ವಾಲ್ಯೂಮ್ ಜೋರು ಮಾಡಿದರೆ ಪಟ್ ಅಂತ ವಾಪಸ್ ಬರುತ್ತೆ, ತಗ್ಗಿಸಿದರೆ ಸ್ವಲ್ಪ ಹೊತ್ತಲ್ಲಿ ಮತ್ತೆ ಹೋಗುತ್ತೆ. ಇಲ್ಲಿ ಒಂದು ಅಂಗಡಿಯಲ್ಲಿ "ಮೇನ್ ಬೋರ್ಡೇ ಹೋಗಿದೆ, ಪಾರ್ಟ್ ಸಿಗಲ್ಲ, ಹೊಸದು ತಗೊಳ್ಳಿ" ಅಂದರು. ನಿಜವಾ?

ಉತ್ತರ: ದಯವಿಟ್ಟು ಅದನ್ನು ಗುಜರಿಗೆ ಹಾಕಬೇಡಿ. ನೀವು ಹೇಳಿದ ಲಕ್ಷಣ ಹತ್ತರಲ್ಲಿ ಎಂಟು ಸಲ ಸ್ಪೀಕರ್ ರಿಲೇದು. ಸೆಟ್ ಆನ್ ಮಾಡಿ ನಾಲ್ಕೈದು ಸೆಕೆಂಡಿಗೆ ಒಳಗಿಂದ 'ಟಕ್' ಅಂತ ಶಬ್ದ ಬರುತ್ತಲ್ಲ, ಅದೇ ರಿಲೇ. ಆಂಪ್ಲಿಫೈಯರ್ ಸರಿಯಾಗಿದೆ ಅಂತ ಖಾತ್ರಿಯಾದ ಮೇಲೆಯೇ ಅದು ಸ್ಪೀಕರನ್ನು ಜೋಡಿಸೋದು. ಅದರೊಳಗಿನ ಕಾಂಟ್ಯಾಕ್ಟ್ (ಒಂದಕ್ಕೊಂದು ತಾಗಿ ಕರೆಂಟ್ ದಾಟಿಸೋ ಲೋಹದ ತುದಿ) ಎಳ್ಳುಕಾಳಿನಷ್ಟು ಚಿಕ್ಕದು. ವರ್ಷಗಳ ಕಿಡಿಗೆ, ನಿಮ್ಮ ಕಡಲತೀರದ ತೇವಕ್ಕೆ ಅದರ ಮೇಲೆ ಕಪ್ಪು ಪದರ ಕೂತಿರುತ್ತೆ. ಸಣ್ಣ ದನಿಯ ವೋಲ್ಟೇಜಿಗೆ ಆ ಪದರ ದಾಟೋ ಶಕ್ತಿ ಇಲ್ಲ. ಜೋರು ಮಾಡಿದಾಗ ದಾಟುತ್ತೆ. ತಂಬೂರಿ, ಮೆಲ್ಲನೆಯ ಆಲಾಪ ಕೇಳುವವರಿಗೇ ಈ ತೊಂದರೆ ಮೊದಲು ಗೊತ್ತಾಗೋದು ಅದಕ್ಕೇ.

ಆದರೂ ಕವರ್ ಬಿಚ್ಚೋ ಮುಂಚೆ ಮೂರು ಪರೀಕ್ಷೆ ಮಾಡಿ. ಸೆಟ್ ಆಫ್ ಮಾಡಿ ಎಡ-ಬಲ ಸ್ಪೀಕರ್ ವೈರ್ ಅದಲುಬದಲು ಮಾಡಿ. ಈಗ ಬಲಗಡೆ ಮೂಕಾದರೆ ಸ್ಪೀಕರಿನ ತಪ್ಪಲ್ಲ, ಸೆಟ್ಟಿನದೋ ಅದಕ್ಕೆ ಹಾಡು ಕೊಡೋ ಪ್ಲೇಯರಿನದೋ ಇರಬೇಕು. ವೈರ್ ಮೊದಲಿನಂತೆ ಹಾಕಿ, ಸಿಡಿ ಪ್ಲೇಯರಿನ ಎಡ-ಬಲ ಪಿನ್ ಅದಲುಬದಲು ಮಾಡಿ. ಆಗಲೂ ಎಡ ಸ್ಪೀಕರೇ ಹೋದರೆ ಪ್ಲೇಯರ್ ಮತ್ತು ಕೇಬಲ್ ಚೆನ್ನಾಗಿವೆ. ಕೊನೆಗೆ ಹೆಡ್‌ಫೋನ್ ಹಾಕಿ ಕೇಳಿ. ಬಹಳ ಸೆಟ್ಟುಗಳಲ್ಲಿ ಹೆಡ್‌ಫೋನ್ ದಾರಿ ಆ ರಿಲೇ ಮೂಲಕ ಹೋಗಲ್ಲ. ಅದರಲ್ಲಿ ಎರಡೂ ಕಿವಿಗೆ ಸರಿಯಾಗಿ ಕೇಳಿದರೆ ರಿಲೇ ಮೇಲೇ ಅನುಮಾನ ಇಡಿ.

ಕೆಲವರು ಮರಳು ಕಾಗದದಲ್ಲಿ ಕಾಂಟ್ಯಾಕ್ಟ್ ತಿಕ್ಕಿ ಕೊಡ್ತಾರೆ. ಒಪ್ಪಬೇಡಿ. ಮೇಲಿನ ಲೇಪ ಕಿತ್ತುಹೋಗಿ ಮೂರು ತಿಂಗಳಿಗೆ ಅದೇ ಕಥೆ. ಹೊಸ ರಿಲೇನೇ ಹಾಕಿಸಿ: ಕಾಯಿಲ್ ವೋಲ್ಟೇಜ್ (ರಿಲೇಯನ್ನು ಎಳೆಯೋ ಸುರುಳಿಗೆ ಬೇಕಾದದ್ದು; ಹಳೇದರ ಮೇಲೇ ಬರೆದಿರುತ್ತೆ, ಸಾಮಾನ್ಯವಾಗಿ 24 ವೋಲ್ಟ್ ಡಿಸಿ), ಪಿನ್‌ಗಳ ಜೋಡಣೆ, ಕಾಂಟ್ಯಾಕ್ಟಿನ ಆಂಪ್, ಮೂರೂ ಹೊಂದಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಹುಡುಕಿದರೆ ಸಿಗುತ್ತೆ. ಬೋರ್ಡ್ ಹೊರಗೆ ತೆಗೆದಾಗ ಸ್ಪೀಕರ್ ಟರ್ಮಿನಲ್ಲಿನ ಬೆಸುಗೆಯನ್ನೂ ಮತ್ತೆ ಕಾಯಿಸಿ ಕೊಡಿ ಅಂತ ಹೇಳಿ, ಅಲ್ಲೂ ಕೂದಲೆಳೆಯಷ್ಟು ಬಿರುಕು ಇರುತ್ತೆ.

ಪ್ರಶ್ನೆ (ಮೈಸೂರಿನಿಂದ): ನಮ್ಮ ರಿಸೀವರಿನಲ್ಲಿ ಎಚ್‌ಡಿಎಂಐ ಸತ್ತುಹೋಗಿದೆ. ಬೋರ್ಡಿಗೆ ಹೇಳಿದ ಬೆಲೆಗೆ ಹೊಸ ಸೆಟ್ಟೇ ಬರುತ್ತೆ. ಹಾಡು ಕೇಳೋಕಾದರೂ ಬಳಸಬಹುದಾ?

ಉತ್ತರ: ಧಾರಾಳವಾಗಿ. ಈ ಸೆಟ್ಟುಗಳಲ್ಲಿ ಮೊದಲು ಸಾಯೋದು ಡಿಜಿಟಲ್ ಭಾಗ. ಬಿಸಿಯಾಗೋ ಚಿಪ್‌ಗಳು ಆಂಪ್ಲಿಫೈಯರಿನ ಶಾಖದ ಪಕ್ಕದಲ್ಲೇ ಕೂತಿರುತ್ತವೆ. ಪವರ್ ಟ್ರಾನ್ಸ್‌ಫಾರ್ಮರ್, ಹೀಟ್‌ಸಿಂಕ್, ಔಟ್‌ಪುಟ್ ಟ್ರಾನ್ಸಿಸ್ಟರ್ ಇನ್ನೂ ಗಟ್ಟಿಯಾಗಿರುತ್ತವೆ, ಸಂಗೀತಕ್ಕೆ ಬೇಕಾದ್ದೂ ಅವೇ. ಟಿವಿಯಿಂದ ಆಪ್ಟಿಕಲ್ ಕೇಬಲ್ ಎಳೆಯಿರಿ, ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ 'ಪಿಸಿಎಂ' ಆರಿಸಿ. ಫೋನಿನಿಂದಾದರೆ ಒಂದು ಚಿಕ್ಕ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡೋ ಸಾಧನ) ತಗೊಂಡು ಸಿಡಿ ಇನ್‌ಪುಟ್ಟಿಗೆ ಕೊಡಿ.

'ಹಾಲ್', 'ಸ್ಟೇಡಿಯಂ' ಅಂತ ಇರೋ ಎಫೆಕ್ಟುಗಳನ್ನೆಲ್ಲ ತೆಗೆದು 'ಡೈರೆಕ್ಟ್' ಅಥವಾ 'ಸ್ಟೀರಿಯೋ' ಹಾಕಿ. ಡೈರೆಕ್ಟಿನಲ್ಲಿ ಬಹಳ ಮಾಡೆಲ್‌ಗಳಲ್ಲಿ ಸಬ್‌ವೂಫರ್ ಸುಮ್ಮನಾಗುತ್ತೆ, ಅದು ಕೆಟ್ಟಿದೆ ಅಂದುಕೊಳ್ಳಬೇಡಿ. ಸಬ್ ಬೇಕಿದ್ದರೆ ಸ್ಟೀರಿಯೋದಲ್ಲೇ ಇಡಿ.

ಪ್ರಶ್ನೆ (ದಾವಣಗೆರೆಯಿಂದ): ಮಗಳು ಅಮೆರಿಕದಿಂದ ಬರುವಾಗ ಅವಳ ಹಳೇ ರಿಸೀವರ್ ತರ್ತೀನಿ ಅಂತಿದಾಳೆ. ಇಲ್ಲಿನ ಪ್ಲಗ್ಗಿಗೆ ಅಡಾಪ್ಟರ್ ಹಾಕಿದರೆ ಸಾಕಾ ಅಣ್ಣಾ?

ಉತ್ತರ: ಸಾಲದು ಅಣ್ಣಾ. ಅಲ್ಲಿಂದ ಹೊರಡೋ ಮುಂಚೆ ಹಿಂಬದಿಯ ಪ್ಲೇಟಿನ ಫೋಟೋ ತರಿಸಿಕೊಳ್ಳಿ. 'ಎಸಿ 120 ವೋಲ್ಟ್, 60 ಹರ್ಟ್ಜ್' ಅಂತ ಮಾತ್ರ ಇದ್ದರೆ ನಮ್ಮ 230 ವೋಲ್ಟಿಗೆ ನೇರ ಹಾಕಿದ ಕ್ಷಣ ಫ್ಯೂಸ್ ಹೋಗಬಹುದು. ಯಾವಾಗಲೂ ಕರೆಂಟಿನಲ್ಲೇ ಇರೋ ಚಿಕ್ಕ ಸ್ಟ್ಯಾಂಡ್‌ಬೈ ಟ್ರಾನ್ಸ್‌ಫಾರ್ಮರ್ ಸುಟ್ಟೂ ಹೋಗಬಹುದು. 230ರಿಂದ 110ಕ್ಕೆ ಇಳಿಸೋ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಪ್ಲೇಟಿನಲ್ಲಿ 500 ವ್ಯಾಟ್ ಇದ್ದರೆ ನಾನು 1000 ವಿಎ (ವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯದ ಅಳತೆ) ಇರೋದನ್ನು ಹೇಳ್ತೀನಿ. ಸ್ಟೆಪ್‌ಡೌನ್ ವೋಲ್ಟೇಜನ್ನು ಬದಲಿಸುತ್ತೆ, ಹರ್ಟ್ಜನ್ನಲ್ಲ. 60ಕ್ಕೆ ಮಾಡಿದ ಟ್ರಾನ್ಸ್‌ಫಾರ್ಮರ್ ನಮ್ಮ 50ರಲ್ಲಿ ಸ್ವಲ್ಪ ಹೆಚ್ಚು ಬಿಸಿಯಾಗುತ್ತೆ. ಸೆಟ್ಟಿನ ಮೇಲೆ ಒಂದು ಗೇಣು ಜಾಗ ಬಿಡಿ, ಶೋಕೇಸಿನೊಳಗೆ ತುರುಕಬೇಡಿ. ಸೆಟ್ಟಿನೊಳಗೆ ಕರೆಂಟ್ ಕೂಡಿಡೋ ಕೆಪಾಸಿಟರುಗಳಿಗೂ ಇದೇ ಮಾತು, ಹತ್ತು ಡಿಗ್ರಿ ಬಿಸಿ ಏರಿದರೆ ಅವುಗಳ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತೆ.

ಪ್ರಶ್ನೆ (ಹಾಸನದಿಂದ): ಆನ್ ಮಾಡಿದ ತಕ್ಷಣ 'ಪ್ರೊಟೆಕ್ಟ್' ತೋರಿಸಿ ಆಫ್ ಆಗ್ತಿದೆ. ಯೂಟ್ಯೂಬ್ ನೋಡಿ ನಾನೇ ತೆಗೆದು ನೋಡಲಾ?

ಉತ್ತರ: 'ಪ್ರೊಟೆಕ್ಟ್' ಅಂದರೆ ಏನೋ ಅಪಾಯ ಕಂಡು ಸೆಟ್ ತನ್ನನ್ನು ಕಾಪಾಡಿಕೊಳ್ತಿದೆ ಅಂತ. ಹೊರಗಿನ ಕೆಲಸ ನೀವೇ ಮಾಡಿ. ಎಲ್ಲ ಸ್ಪೀಕರ್ ವೈರ್ ಕಳಚಿ ಆನ್ ಮಾಡಿ. ಆಫ್ ಆಗದೆ ಆನ್ ಆಗೇ ಇದ್ದರೆ, ಯಾವುದೋ ಟರ್ಮಿನಲ್ಲಿನಲ್ಲಿ ವೈರಿನ ಒಂದು ಎಳೆ ಪಕ್ಕದ್ದಕ್ಕೆ ತಾಗಿತ್ತು ಅಂತ. ತುದಿ ಹೊಸದಾಗಿ ಹೊಸೆದು ಹಾಕಿ. ವೈರ್ ಇಲ್ಲದೆಯೂ ಆಫ್ ಆದರೆ ಪದೇ ಪದೇ ಆನ್ ಮಾಡಬೇಡಿ, ಮುಚ್ಚಳಕ್ಕೂ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಐವತ್ತು, ಅರವತ್ತು ವೋಲ್ಟ್ ಉಳಿದಿರಬಹುದು. ನಾನು ಇಂಥ ಸೆಟ್ ಬಂದರೆ ಮೊದಲು 100 ವ್ಯಾಟಿನ ಹಳೇ ತಂತಿ ಬಲ್ಬನ್ನು ಸೀರೀಸಿನಲ್ಲಿ, ಅಂದರೆ ಕರೆಂಟ್ ಬಲ್ಬಿನ ಮೂಲಕವೇ ಸೆಟ್ಟಿಗೆ ಹೋಗೋ ಹಾಗೆ, ಹಾಕ್ತೀನಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸಮಾಧಾನ. ಪೂರ್ತಿ ಉರೀತಾನೇ ಇದ್ದರೆ ಒಳಗೆ ಶಾರ್ಟ್, ಹೆಚ್ಚಾಗಿ ಔಟ್‌ಪುಟ್ ಟ್ರಾನ್ಸಿಸ್ಟರ್. ಬದಲಿಸುವಾಗ ಒರಿಜಿನಲ್ ಬಗ್ಗೆ ಹಟ ಹಿಡಿಯಿರಿ, ಜಪಾನಿನ ಸ್ಯಾಂಕೆನ್ ಹೆಸರಿನಲ್ಲಿ ನಕಲಿ ಬಹಳ ಓಡಾಡ್ತಿವೆ. ನಕಲಿ ಹಾಕಿದ ಸೆಟ್ ಮೊದಲ ಜೋರು ಹಾಡಿಗೇ ಮತ್ತೆ ಹೋಗಿ, ಜೊತೆಗೆ ಡ್ರೈವರ್ ಟ್ರಾನ್ಸಿಸ್ಟರನ್ನೂ ಕರೆದುಕೊಂಡು ಹೋಗಿದ್ದನ್ನು ನನ್ನ ಮೇಜಿನ ಮೇಲೇ ನೋಡಿದ್ದೀನಿ.

ಕುಂದಾಪುರದವರು, ಒಂದು ವಾರದ ಮೇಲೆ: ಸರ್, ಉಡುಪಿಯಲ್ಲಿ ಒಬ್ಬರ ಹತ್ತಿರ ಮಾಡಿಸಿದೆ. ಹಳೇ ರಿಲೇ ಒಡೆದು ತೋರಿಸಿದರು, ಎಡಗಡೆ ಕಾಂಟ್ಯಾಕ್ಟ್ ಮಸಿ ಬಳಿದಂತಿತ್ತು. ನಿನ್ನೆ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಬಹಳ ತಗ್ಗಿಸಿ ಕೇಳಿದೆ. ಎಡಗಡೆಯ ತಂಬೂರಿ ಒಂದು ಸಲವೂ ಬಿಡಲಿಲ್ಲ.

ಉತ್ತರ: ಬಹಳ ಸಂತೋಷ ಸರ್. ಬಲಗಡೆಯದ್ದನ್ನೂ ಬದಲಿಸಿದ್ರಾ? ಇಲ್ಲದಿದ್ದರೆ ಈ ಮಳೆಗಾಲದೊಳಗೆ ಅದನ್ನೂ ಮಾಡಿಸಿಬಿಡಿ, ಅದಕ್ಕೂ ಅಷ್ಟೇ ವಯಸ್ಸಾಗಿದೆ.