ಎರಡು ಕ್ಯಾಮೆರಾ, ಒಂದ ನಂಬರ್: ಮದುವಿ ಫೋಟೋ ನೀವು ಹೆಂಗ ಇಟ್ಕೊಂತೀರಿ?

ವಿಜಯಪುರದಿಂದ:
ನಮಸ್ಕಾರ್ರಿ ಎಲ್ಲಾರಿಗೂ. ಮದುವಿ ಆರ್ಡರ್‌ಗೆ ಎರಡು ಕ್ಯಾನನ್ ಕ್ಯಾಮೆರಾ ಬಾಡಿ ಒಯ್ತೀವಿ, ಎರಡರಾಗೂ ಐಎಂಜಿ_4312 ಅನ್ನೋ ಒಂದ ಹೆಸರಿನ ಫೋಟೋ ಬಂದ್ಬಿಡ್ತೈತಿ, ಕಾಪಿ ಮಾಡೂವಾಗ ರಿಪ್ಲೇಸ್ ಮಾಡ್ಲ್ಯಾ ಅಂತ ಕೇಳ್ತೈತಿ. ಹೆಸರು ಬದಲಿಸೋದು ಚಲೋನೋ, ಫೋಲ್ಡರ್ ಬ್ಯಾರೆ ಇಡೋದು ಚಲೋನೋ? ಅನುಭವ ಇದ್ದವರು ಹೇಳ್ರಿ.

ಬಾಗಲಕೋಟಿ, ನವನಗರ:
ಹೆಸರು ಬದಲಿಸ್ರಿ, ಎರಡನೇ ಮಾತ ಇಲ್ಲ. ಪಾರ್ಟಿಯವ್ರು ಪೆನ್‌ಡ್ರೈವ್ ನೋಡಿ ಬರೇ ಕಡೀ ನಾಕು ಅಂಕಿ ಚೀಟಿ ಮ್ಯಾಲ ಬರ್ದು ಕಳಸ್ತಾರ. ಆಲ್ಬಮ್ ಮಾಡೋ ಹುಡುಗ ಇನ್ನೊಂದು ಬಾಡಿಯ ಅದ ನಂಬರ್ ಹಾಕ್ಯಾನ, ಮಗಳಿಗೆ ಅಕ್ಕಿಕಾಳು ಹಾಕೂಮುಂದ ಅಪ್ಪ ಕಣ್ಣೊರಸ್ಕೊಳ್ಳೋ ಫೋಟೋ ಇರಬೇಕಾದಲ್ಲಿ ಊಟದ ಪಂಕ್ತಿ, ಅದೂ ಡಬಲ್ ಪೇಜ್. ಮತ್ತ ಪ್ರಿಂಟ್ ಹಾಕ್ಸಿದ್ದಕ್ಕ 9,800, ಕವರ್ 1,400, ಕೊರಿಯರ್ 350, ಮ್ಯಾಲ ಪಾರ್ಟಿ ಬಾಕಿ 5,000 ಕೊಡಲೇ ಇಲ್ಲ. ಅವತ್ತಿಂದ ತಾರೀಖು, ಬಾಡಿಗೊಂದು ಅಕ್ಷರ, ನಂಬರ್, ಹಿಂಗ ಎಕ್ಸಿಫ್‌ಟೂಲ್ ಅನ್ನೋ ಸಾಫ್ಟ್‌ವೇರ್‌ನ್ಯಾಗ ಬದಲಿಸ್ತೀನಿ.

ಬೆಳಗಾವಿ, ಶಹಾಪುರ:
ನವನಗರದ ಅಣ್ಣಾರ, ಹೊಸಬರಿಗೆ ಇದನ್ನ ಹೇಳಬ್ಯಾಡ್ರಿ. ನಮ್ಮಲ್ಲಿ ಕೆಲಸಕ್ಕಿದ್ದವ ಲೈಟ್‌ರೂಮ್ ಅನ್ನೋ ಫೋಟೋ ತಿದ್ದೋ ಸಾಫ್ಟ್‌ವೇರ್‌ಗೆ ಹಾಕಿದ ಮ್ಯಾಲ ಹೊರಗಿಂದ ಹೆಸರು ಬದಲಿಸಿಬಿಟ್ಟ, ಸಾಫ್ಟ್‌ವೇರ್‌ಗೆ ಒಂದೂ ಫೈಲ್ ಸಿಗವಲ್ದು. ಕಲರ್ ಮತ್ತ ಮಾಡ್ಸಾಕ ಹೊರಗಿನವ್ರಿಗೆ 6,000 ಕೊಟ್ಟೆ. ಇನ್ನೊಬ್ಬ ಕಾರ್ಡ್‌ನ್ಯಾಗ ಡಿಸಿಐಎಂ (ಕ್ಯಾಮೆರಾ ಫೋಟೋ ಇಡೋ ಫೋಲ್ಡರ್) ಒಳಗ ಹೋಗಿ ವರನ ಹೆಸರು ಬರ್ದ, ಡಿಸಿಎಫ್ ಅಂದ್ರ ಕ್ಯಾಮೆರಾ ಫೈಲ್ ಹೆಸರಿನ ನಿಯಮದಾಗ ನಾಕು ಅಕ್ಷರ, ಆಮ್ಯಾಲ 0001 ರಿಂದ 9999, ಅಷ್ಟ ಐತಿ, ಕ್ಯಾಮೆರಾ ಆ ಫೋಟೋ ತೋರಸಲೇ ಇಲ್ಲ, ಬೀಗರ ಮುಂದ ಮಾನ ಹೋತು. ಬಾಡಿಗೊಂದು ಫೋಲ್ಡರ್ ಇಡ್ರಿ, ಮೂಲ ಹೆಸರು ಮುಟ್ಟಬ್ಯಾಡ್ರಿ.

ನವನಗರ:
ಕಾರ್ಡ್‌ನ್ಯಾಗ ಬದಲಿಸ್ರಿ ಅಂತ ನಾ ಎಲ್ಲಿ ಅಂದೀನ್ರಿ? ಲೈಟ್‌ರೂಮ್‌ಗೆ ಹಾಕೂ ಮೊದಲ ಬದಲಿಸ್ತೀನಿ. ಓದಿ ಮಾತಾಡ್ರಿ. ಆಲ್ಬಮ್‌ನವಾ ಎರಡೂ ಫೋಲ್ಡರ್ ಒಂದ ಕಡೆ ಸುರಕೊಂಡ್ರ ನಿಮ್ಮ ಮೂಲ ಹೆಸರು ಏನ್ ಉಳಿತೈತಿ?

ಬಾದಾಮಿ:
ನಂದು ನಿಕಾನ್. ಮೆನುವಿನಾಗ ಡಿಎಸ್‌ಸಿ ಅನ್ನೋ ಮೂರಕ್ಷರ ಬದಲಿಸಾಕ ಬರ್ತೈತಿ, ಒಂದಕ್ಕ ಬಿಡಿಎಂ, ಇನ್ನೊಂದಕ್ಕ ಬಿಡಿಎನ್ ಇಟ್ಟೀನಿ, ಜಗಳನ ಇಲ್ಲ. ಫೈಲ್ ನಂಬರ್ ಸೀಕ್ವೆನ್ಸ್ (ನಂಬರ್ ಮುಂದುವರಿಸೋ ಸೆಟ್ಟಿಂಗ್) ಮಾತ್ರ ಆನ್ ಇಡ್ರಿ, ಆಫ್ ಇದ್ರ ಫಾರ್ಮ್ಯಾಟ್ ಮಾಡಿದಾಗೊಮ್ಮೆ ಮತ್ತ 0001 ರಿಂದ ಶುರು. ಮೊದಲು ಕ್ಯಾನನ್ ಇತ್ತು, ಬಾಡಿಗಿ ಕೊಟ್ಟಿದ್ದೆ, 2100 ರಾಗ ಇದ್ದ ನಂಬರ್ ವಾಪಸ್ ಬರೂಮಟ 8700 ಕ್ಕ ಜಿಗದಿತ್ತು. ಇಷ್ಟ್ಯಾಕ ಹೊಡದ್ರಿ ಅಂತ ಕೇಳಿದ್ರ ನಾವು ಹೊಡದೇ ಇಲ್ಲ ಅಂತ ಜಗಳಕ್ಕ ಬಂದ್ರು. ಕಾರಣ ಏನಂದ್ರ, ನಂಬರ್ ಕಂಟಿನ್ಯುಯಸ್ (ಮುಂದುವರಿಯೋ ಹಂಗ) ಇಟ್ಟಾಗ ಹಾಕಿದ ಕಾರ್ಡ್‌ನ್ಯಾಗ ದೊಡ್ಡ ನಂಬರ್ ಫೋಟೋ ಇದ್ರ ಕ್ಯಾನನ್ ಅಲ್ಲಿಂದನ ಎಣಸ್ತೈತಿ.

ಇಲಕಲ್ಲ:
ಅದ ಫೈಲ್ ನಂಬರ್ ತೋರ್ಸಿ ನನಗ ಹಳೇ ಬಾಡಿ ಮಾರಿದ್ರು. 1200 ಹೊಡದೈತಿ ಅಂದ್ರು, 9999 ಆದ ಮ್ಯಾಲ 101 ನೇ ಫೋಲ್ಡರ್ ತೆಗದು ಮತ್ತ 0001 ಬರ್ತೈತಿ ಅಂತ ಗೊತ್ತಿದ್ದ ಹೇಳ್ಯಾರ. ತಗೊಂಡ ವರ್ಷದಾಗ ಶಟರ್ ಹೋತು, 7,500. ಫೈಲ್ ನಂಬರ್ ನೋಡಿ ಯಾರೂ ಕ್ಯಾಮೆರಾ ತಗೋಬ್ಯಾಡ್ರಿ.

ಶಹಾಪುರ:
ಶಟರ್ ಕೌಂಟ್ (ಒಟ್ಟು ಎಷ್ಟು ಫೋಟೋ ಹೊಡದೈತಿ ಅನ್ನೋ ಲೆಕ್ಕ) ತೆಗಸಲಾರದ ಹಳೇ ಬಾಡಿ ತಗೊಂತಾರೇನ್ರಿ?

ಇಲಕಲ್ಲ:
ನನ್ನ ರೊಕ್ಕ ಹೋಗೈತಿ, ನಿಮ್ಮದಲ್ಲ. ನಿಮ್ಮ ಊರಾಗ ಎಲ್ಲಾ ಸಿಗ್ತೈತಿ, ಇಲ್ಲಿ ಕೌಂಟ್ ತೆಗದು ಕೊಡಾವ್ರು ಯಾರದಾರ ಹೇಳ್ರಿ.

ವಿಜಯಪುರದಿಂದ:
ಬಾದಾಮಿ ಸರ್, ನಮ್ಮ ಎರಡೂ ಬಾಡಿಗೆ ಕಾರ್ಡ್ ಅದಲಬದಲ ಆಗ್ತಿರ್ತಾವ್ರಿ. ಇವತ್ತ ಕಾರ್ಡ್ ಮ್ಯಾಲ ಪಟ್ಟಿ ಹಚ್ಚತೀನಿ.