ಮೇಕೆಮರಿ ಗಂಟಲಲ್ಲಿ ಹುಟ್ಟುತ್ತಲೇ ಗಂಟು: ಅಯೋಡಿನ್ ಕೊರತೆಯಾ, ತಳಿ ದೋಷವಾ? ಸಹಾಯ ಬೇಕು

ಎರಡು ಮೇಕೆಗಳು ಒಂದೇ ವಾರದಲ್ಲಿ ಈದವು. ಮೊದಲನೆಯದರ ಮರಿ ಸತ್ತೇ ಹುಟ್ಟಿತು, ಮೈಮೇಲೆ ಕೂದಲೇ ಇರಲಿಲ್ಲ. ಎರಡನೆಯದರ ಮರಿ ಬದುಕಿದೆ, ಆದರೆ ಗಂಟಲ ಎರಡೂ ಬದಿ ನಿಂಬೆಹಣ್ಣಿನಷ್ಟು ಗಂಟು. ಎದ್ದು ನಿಲ್ಲಲು ಆಗಲ್ಲ, ಕೆಚ್ಚಲಿಗೆ ಬಾಯಿ ಹಾಕಲ್ಲ. ಗಿಣ್ಣುಹಾಲು ಹಿಂಡಿ ಬಾಟಲಿಯಲ್ಲಿ ಕುಡಿಸುತ್ತಿದ್ದೇನೆ, ಬೆಚ್ಚಗೆ ಗೋಣಿಯಲ್ಲಿ ಸುತ್ತಿಟ್ಟಿದ್ದೇನೆ.

ಹಾಲು ಕುಡಿಯುವ ಮರಿಗೆ ಗಂಟಲು ಊದುವುದು ಮಾಮೂಲು, ತಾನೇ ಇಳಿಯುತ್ತೆ ಅಂತ ಒಬ್ಬರು ಅಂದರು. ಆದರೆ ಅದು ಥೈಮಸ್ (ಎಳೆ ಮರಿಯ ಕತ್ತಿನಲ್ಲಿರುವ, ರೋಗನಿರೋಧಕ ಶಕ್ತಿಯ ಗ್ರಂಥಿ) ಊತ, ಹುಟ್ಟಿ ಕೆಲವು ವಾರ ಆದಮೇಲೆ ಚೆನ್ನಾಗಿ ಬೆಳೆಯುವ ಮರಿಗೆ ಬರುವಂಥದ್ದು ಅಲ್ವಾ? ಇದು ಹುಟ್ಟುವಾಗಲೇ ಇತ್ತು. ಡಾಕ್ಟರ್ ಕೂಡ ಮುಟ್ಟಿ ನೋಡಿ ಥೈರಾಯ್ಡ್ ಅಂದರು. ತಾಯಿಗೆ ಅಯೋಡಿನ್ ಇರುವ ಖನಿಜ ಮಿಶ್ರಣ ಶುರು ಮಾಡಿದ್ದೇನೆ. ಅಯೋಡಿನ್ ಜಾಸ್ತಿಯಾದರೂ ಗಳಗಂಡ (ಥೈರಾಯ್ಡ್ ಊತ) ಬರುತ್ತಂತೆ, ಹಾಗಾಗಿ ಸುಮ್ನೆ ಸುರಿಯಲು ಧೈರ್ಯ ಇಲ್ಲ.

ನನ್ನ ಗೊಂದಲ ಇಲ್ಲಿದೆ. ಗಬ್ಬದ 5 ತಿಂಗಳೂ ಎಲೆಕೋಸಿನ ಎಲೆ ವಿಪರೀತ ಹಾಕಿದ್ದೆ, ಅದು ಅಯೋಡಿನ್ನಿಗೆ ಅಡ್ಡ ಬರುತ್ತೆ ಅಂತ ಈಗ ಗೊತ್ತಾಯಿತು. ಇನ್ನೊಂದು ಕಡೆ, ಹೋತ ಇದೇ ಹಿಂಡಿನದು, ಎರಡೂ ಮೇಕೆಗಳು ಅದರ ತಂಗಿಯರು. (ನನ್ನದೇ ಸೋಮಾರಿತನ.) ಥೈರಾಯ್ಡ್ ದೋಷ ವಂಶದಲ್ಲೂ ಬರುತ್ತೆ, ಅಪ್ಪ-ಅಮ್ಮ ಇಬ್ಬರೂ ನೋಡಲು ಚೆನ್ನಾಗಿದ್ದರೂ.

ಇವೆರಡರಲ್ಲಿ ಯಾವುದು ಅಂತ ತಿಳಿಯಲು ಯಾವ ಪರೀಕ್ಷೆ ಮಾಡಿಸಬೇಕು, ಮರಿಯ ರಕ್ತವಾ, ತಾಯಿಯ ಹಾಲಾ? ಫಲಿತಾಂಶ ಬರುವ ತನಕ ಹೋತವನ್ನು ಬೇರೆ ಕಟ್ಟಬೇಕಾ?